ಬೆಳ್ಳಿಯ ಡಾಲರ್, ಚಿನ್ನದ ಪೌಂಡ್: ಸಿಂಗಪುರ ಬಂದರಿನ ಲೆಕ್ಕಮಾದರಿಯ ಪ್ರಗತಿ

ಇಪ್ಪತ್ತನೆಯ ಶತಮಾನದ ಆರಂಭದ ಸಿಂಗಪುರ ವ್ಯಾಪಾರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟುತ್ತಿರುವ ನನ್ನ ಹವ್ಯಾಸಿ ಯೋಜನೆಗೆ ಈಗ ನಾಣ್ಯ ಸುಧಾರಣೆಯ ಹಾಳೆ ಸೇರಿದೆ. ಸುಂಕವಿಲ್ಲದ ಆ ಬಂದರು ಬದುಕುತ್ತಿದ್ದುದು ಮರುರಫ್ತಿನಿಂದ, ಅಂದರೆ ಹೊರಗಿನಿಂದ ತರಿಸಿದ ಸರಕನ್ನೇ ಮತ್ತೆ ಹೊರಗೆ ಕಳುಹಿಸುವುದರಿಂದ. ಅದರ ಒಂದು ಬದಿಯಲ್ಲಿ ಬೆಳ್ಳಿಯ ಹಣವನ್ನೇ ನೆಚ್ಚಿದ್ದ ಚೀನಾ ಮತ್ತು ಹಾಂಗ್‌ಕಾಂಗ್ ಇದ್ದರೆ, ಇನ್ನೊಂದು ಬದಿಯಲ್ಲಿ ಹಣವನ್ನು ಚಿನ್ನಕ್ಕೆ ಕಟ್ಟಿದ್ದ ಬ್ರಿಟನ್ನೂ ಚಿನ್ನಕ್ಕೆ ಹೊಂದಿಕೊಂಡಿದ್ದ ಡಚ್ ಜಾವಾವೂ ಇದ್ದವು.

1903ರಲ್ಲಿ ಮುಂಬಯಿ ಟಂಕಸಾಲೆಯಿಂದ ಬಂದ ಸ್ಟ್ರೇಟ್ಸ್ ಡಾಲರ್ (ಸಿಂಗಪುರ, ಪೆನಾಂಗ್ ಸೇರಿದ ಬ್ರಿಟಿಷ್ ವಸಾಹತಿನ ಬೆಳ್ಳಿ ನಾಣ್ಯ), ಅದುವರೆಗೆ ಚಲಾವಣೆಯಲ್ಲಿದ್ದ ಮೆಕ್ಸಿಕನ್ ಡಾಲರನ್ನು ಹೊರಗಟ್ಟಿತು. 1906ರಲ್ಲಿ ಅದರ ಬೆಲೆಯನ್ನು ಚಿನ್ನದ ಪೌಂಡಿನ ಲೆಕ್ಕದಲ್ಲಿ (ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್) 2 ಶಿಲ್ಲಿಂಗ್ 4 ಪೆನ್ಸ್‌ಗೆ ನಿಗದಿಪಡಿಸಲಾಯಿತು. ಅಂದರೆ 7 ಪೌಂಡಿಗೆ 60 ಡಾಲರ್, ಅಂದಿನ ಭಾರತದ ಹಣದಲ್ಲಿ ಡಾಲರಿಗೆ ಒಂದೂಮುಕ್ಕಾಲು ರೂಪಾಯಿ. ಇದರಿಂದ ವಿನಿಮಯದ ಅಪಾಯ ಅಳಿಯಲಿಲ್ಲ, ಲಂಡನ್ನಿನ ಬದಿಯಿಂದ ಚೀನಾದ ಬದಿಗೆ ಸರಿಯಿತು ಎಂಬುದೇ ಈ ಹಾಳೆಯಿಂದ ನನಗೆ ದಕ್ಕಿದ ಮುಖ್ಯ ತಿಳಿವಳಿಕೆ.

ಹಾಗಾಗಿ ಪ್ರತಿಸ್ಪರ್ಧಿ ಬಂದರುಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಮಲಯದ ಬಂದರುಗಳಾದ ಪೆನಾಂಗ್ ಮತ್ತು 1901ರಲ್ಲಿ ತೆರೆದ ಪೋರ್ಟ್ ಸ್ವೆಟೆನ್‌ಹ್ಯಾಮ್ ಇದೇ ಡಾಲರನ್ನು ಬಳಸುತ್ತಿದ್ದುದರಿಂದ ಅವುಗಳ ಪೈಪೋಟಿ ಹಡಗುಕಟ್ಟೆ, ರೈಲು ಮತ್ತು ಸಾಗಣೆ ವೆಚ್ಚಕ್ಕೆ ಸೀಮಿತ. ಹಾಂಗ್‌ಕಾಂಗ್ ಹಾಗಲ್ಲ: ಬೆಳ್ಳಿ ಇಳಿದಾಗಲೆಲ್ಲ ಚೀನಾದ ಕೊಳ್ಳುಗನಿಗೆ ಸಿಂಗಪುರದ ಸರಕು ತುಟ್ಟಿಯಾಗುತ್ತದೆ, ಹಾಂಗ್‌ಕಾಂಗಿನ ವರ್ತಕನಿಗಾದರೋ ತನ್ನ ಮತ್ತು ಕೊಳ್ಳುಗನ ಹಣದ ನಡುವೆ ಅಂಥ ಅಂತರ ಹುಟ್ಟುವುದಿಲ್ಲ. ಡಚ್ ಜಾವಾದ ಬಂದರು ಬಟಾವಿಯಾದ (ಇಂದಿನ ಜಕಾರ್ತಾ) ಮಟ್ಟಿಗೆ ನಿಗದಿತ ದರ ಸಿಂಗಪುರಕ್ಕೆ ಅನುಕೂಲವೇ. ಆದರೂ ಸಾಲ ಕೊಡುವವರು, ಗೋದಾಮುಗಳು, ಹಡಗುಗಳ ಸಂಪರ್ಕ ಒಂದೆಡೆ ನೆಲೆಗೊಂಡಿರುವಾಗ ವರ್ತಕನು ದರದ ಸಣ್ಣ ಏರಿಳಿತಕ್ಕೆ ಬಂದರು ಬದಲಿಸುವುದಿಲ್ಲವೆಂದು ನಂಬಿ, ಸ್ಥಳಾಂತರಕ್ಕೊಂದು ವೆಚ್ಚವನ್ನು ಸೂತ್ರದಲ್ಲಿ ಇಟ್ಟಿದ್ದೇನೆ.

ಹೆಚ್ಚು ಸಮಯ ಬೇಡಿದ್ದು ನಾಣ್ಯದ ತೂಕ. 416 ಗ್ರೇನ್ (ಸುಮಾರು 27 ಗ್ರಾಂ) ತೂಗುವ, ನೂರಕ್ಕೆ 90 ಪಾಲು ಬೆಳ್ಳಿಯಿರುವ ಡಾಲರಿನ ಲೋಹದ ಬೆಲೆ, ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ ಸುಮಾರು 33 ಪೆನ್ಸ್ ಮುಟ್ಟಿದಾಗ ಅದರ ಮುಖಬೆಲೆಗೆ ಸಮನಾಗುತ್ತದೆ. ಅದಕ್ಕಿಂತ ಏರಿದರೆ ನಾಣ್ಯ ಕುಲುಮೆಗೆ ಹೋಗುವುದೇ ಲಾಭಕರ. 1906ರಲ್ಲಿ ಬೆಳ್ಳಿ ಈ ಮಿತಿಯ ಹತ್ತಿರಕ್ಕೆ ಏರಿದ್ದನ್ನು ಗಮನಿಸಿದರೆ, 1907ರಲ್ಲಿ ತೂಕವನ್ನು 312 ಗ್ರೇನ್‌ಗೆ ಇಳಿಸಿದ್ದು ವಿವೇಕದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಹೊಸ ತೂಕದಲ್ಲಿ ಮಿತಿ ಸುಮಾರು 44 ಪೆನ್ಸ್‌ಗೆ ಏರುತ್ತದೆ.

ಮುಂದಿನ ಹಂತದಲ್ಲಿ ಚೀನೀ ಕಾರ್ಮಿಕರು ಊರಿಗೆ ಕಳುಹಿಸುತ್ತಿದ್ದ ಹಣವನ್ನು ಸೇರಿಸಬೇಕಿದೆ. ಬೆಳ್ಳಿ ಇಳಿದಾಗ ಅವರ ಡಾಲರಿಗೆ ಅಲ್ಲಿ ಹೆಚ್ಚು ಬೆಳ್ಳಿ ಸಿಗುತ್ತಿತ್ತಾದ್ದರಿಂದ, ಅದೇ ಇಳಿತದಿಂದ ರಫ್ತುದಾರರಿಗೆ ಆಗುವ ನಷ್ಟದ ಪಕ್ಕದಲ್ಲೇ ಈ ಲಾಭವನ್ನೂ ತೋರಿಸುವ ಕಾಲಂ ಸಿದ್ಧಪಡಿಸುತ್ತಿದ್ದೇನೆ.