ಅಂಗಡಿ ರೊಕ್ಕ ಬ್ಯಾರೆ, ಮನಿ ರೊಕ್ಕ ಬ್ಯಾರೆ

ಹುಬ್ಬಳ್ಳಿ-ಧಾರವಾಡದ ಕಡೆ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರು ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಚಿಗವ್ವನೂ ಅವರಲ್ಲಿ ಒಬ್ಬರು. ಇವತ್ತು ಅವರು ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ನಾಳೆಯಿಂದ ಒಲೆ ಹಚ್ಚದೇ ಇದ್ದರೂ ಎರಡು ವರ್ಷ ಮನೆ ಆರಾಮಾಗಿ ನಡೆಯುತ್ತದೆ. ಕೋಟಿ ರೂಪಾಯಿ ಏನಿಲ್ಲ, ಆದರೆ ನನ್ನ ಮಟ್ಟಿಗೆ ಆರ್ಥಿಕ ಸ್ವಾತಂತ್ರ್ಯ ಅಂದರೆ ಇದೇ. ಯೂಟ್ಯೂಬ್‌ನಲ್ಲಿ ಈ ವಿಷಯ ಹೇಳುವವರು ಹೆಚ್ಚಾಗಿ ಬೆಂಗಳೂರಿನ ಐಟಿ ಸಂಬಳ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ, ತಿಂಗಳಿಗೆ ಐವತ್ತು ಸಾವಿರ ಹೂಡಿ ಅನ್ನುತ್ತಾರೆ. ರೊಟ್ಟಿ ಬಡಿಯುವವರು, ಹೊಲಿಗೆ ಮಷೀನ್ ಇಟ್ಟವರು, ಪಂಕ್ಚರ್ ಅಂಗಡಿಯವರು ಅದನ್ನು ನೋಡಿ ಇದು ನಮಗಲ್ಲ ಅಂತ ಫೋನ್ ಕೆಳಗಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೊಟ್ಟಿ ಲೆಕ್ಕ ಹೇಳಬೇಕು. ಒಂದು ಕೆಜಿ ಜೋಳದ ಹಿಟ್ಟಿಗೆ ಇಪ್ಪತ್ತರ ಆಸುಪಾಸು ರೊಟ್ಟಿ ಬರುತ್ತವೆ. ಜೋಳದ ದುಡ್ಡು, ಬೀಸಿದ ಖರ್ಚು, ಗ್ಯಾಸ್, ಎಳ್ಳು, ಪ್ಯಾಕೆಟ್, ಬಡಿಯಲು ಬರುವ ಇಬ್ಬರು ಹೆಂಗಸರ ಕೂಲಿ. ಇಷ್ಟನ್ನು ಎಲ್ಲರೂ ಕಳೆಯುತ್ತಾರೆ, ಉಳಿದದ್ದನ್ನು ಲಾಭ ಅನ್ನುತ್ತಾರೆ. ಚಿಗವ್ವ ಇನ್ನೊಂದನ್ನೂ ಕಳೆಯುತ್ತಾರೆ. ಅವರ ಹತ್ತಿರ ಶಾಲೆ ಮಕ್ಕಳ ಇನ್ನೂರು ಪೇಜಿನ ನೋಟ್‌ಬುಕ್ ಇದೆ, ಅದರಲ್ಲಿ ದಿನಾ ಮೂರು ಸಾಲು: ಯಾರು ಎಷ್ಟು ರೊಟ್ಟಿ ಬಡಿದರು ಅಂತ. ಮೂರನೇ ಸಾಲು ಅವರದೇ. ಆ ಇಬ್ಬರಿಗೆ ರೊಟ್ಟಿಗೆ ಎಷ್ಟು ಕೂಲಿಯೋ ತಮ್ಮ ರೊಟ್ಟಿಗೂ ಅಷ್ಟೇ ಹಚ್ಚುತ್ತಾರೆ. "ನಾ ಬಡದ ರೊಟ್ಟಿ ಏನ್ ಪುಕ್ಕಟೆ ಬಂದಾವೇನವಾ?" ಅಂತ ಒಮ್ಮೆ ನನ್ನನ್ನೇ ಕೇಳಿದರು. ಹೀಗೆ ತಮ್ಮ ಕೂಲಿಯನ್ನೂ ಕಳೆದ ಮೇಲೆ ಏನಾದರೂ ಉಳಿದರೆ ಮಾತ್ರ ಅದು ಲಾಭ. ಎಷ್ಟೋ ಸಣ್ಣ ವ್ಯಾಪಾರಗಳು ವರ್ಷಾನುಗಟ್ಟಲೆ ಲಾಭದಲ್ಲಿ ಇದ್ದ ಹಾಗೆ ಕಾಣುತ್ತವೆ. ಮನೆಯವರ ದುಡಿಮೆಗೆ ಬೆಲೆ ಕಟ್ಟಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಅಂಥ ವ್ಯಾಪಾರದಿಂದ ಉಳಿತಾಯ ಬರಲಿ ಅಂದರೆ ಎಲ್ಲಿಂದ ಬರಬೇಕು?

ಈ ಕೂಲಿ, ಅಂದರೆ ಅವರ ಸಂಬಳ, ತಿಂಗಳ ಒಂದನೇ ತಾರೀಖು ಮನೆ ಖಾತೆಗೆ ಹೋಗುತ್ತದೆ. ಗಿರಾಕಿಗಳು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಇರುವುದು ಬೇರೆ ಖಾತೆಗೆ. ಮನೆಯಲ್ಲಿ ಯಾರಿಗೆ ಏನೇ ಬೇಕಾದರೂ ಆ ಖಾತೆ ಮುಟ್ಟುವ ಹಾಗಿಲ್ಲ. "ಅಂಗಡಿ ರೊಕ್ಕ ಬ್ಯಾರೆ, ಮನಿ ರೊಕ್ಕ ಬ್ಯಾರೆ" ಅನ್ನುವುದು ಅವರ ಒಂದೇ ನಿಯಮ. ಮೊದಲೆಲ್ಲ ಗಲ್ಲಾಪೆಟ್ಟಿಗೆ ಅಂತ ಒಂದಿತ್ತು, ರಾತ್ರಿ ಎಣಿಸುವಾಗಲಾದರೂ ವ್ಯಾಪಾರದ ದುಡ್ಡು ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲ ಫೋನಿಗೇ ಬೀಳುತ್ತದೆ, ಅದೇ ಖಾತೆಯಿಂದ ಕರೆಂಟ್ ಬಿಲ್, ಮಗನ ಫೀಸು, ಮದುವೆ ಮುಯ್ಯಿ ಎಲ್ಲ ಹೋಗುತ್ತದೆ, ತಿಂಗಳ ಕೊನೆಗೆ ನೋಡಿದರೆ ದುಡಿದದ್ದು ಎಷ್ಟು ಖರ್ಚಾದದ್ದು ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಬೇರೆ ಇಟ್ಟದ್ದಕ್ಕೆ ಏನು ಸಿಕ್ಕಿತು ಅಂತ ಕೇಳಿದರೆ ಜೋಳವನ್ನೇ ನೋಡಿ. ಹಿಂಗಾರಿ ಬಿಳಿಜೋಳ, ಮಾಲ್ದಂಡಿ, ಫೆಬ್ರವರಿ-ಮಾರ್ಚ್‌ನಲ್ಲಿ ರಾಶಿ ಆಗಿ ಮಾರುಕಟ್ಟೆಗೆ ಬರುತ್ತದೆ. ಆಗ ಕೈಯಲ್ಲಿ ದುಡ್ಡಿದ್ದವರು ವರ್ಷಕ್ಕೆ ಆಗುವಷ್ಟು ಚೀಲ ತಂದು ಹಾಕುತ್ತಾರೆ. ಇಲ್ಲದವರು ತಿಂಗಳು ತಿಂಗಳು ಕಿರಾಣಿ ಅಂಗಡಿ ದರದಲ್ಲಿ ಕೊಳ್ಳುತ್ತಾರೆ, ದೀಪಾವಳಿ ಹೊತ್ತಿಗೆ ಆ ದರ ಎಲ್ಲಿಗೆ ಹೋಗಿರುತ್ತದೆ ಅಂತ ಕೊಂಡವರಿಗೇ ಗೊತ್ತು. ರೊಟ್ಟಿ ಅದೇ, ಮಾರುವ ಬೆಲೆಯೂ ಅದೇ, ಆದರೆ ಒಬ್ಬರಿಗೆ ಉಳಿಯುತ್ತದೆ, ಇನ್ನೊಬ್ಬರಿಗೆ ಉಳಿಯುವುದಿಲ್ಲ.

ಆ ಫೆಬ್ರವರಿ ದುಡ್ಡು ಕೂಡಿದ್ದು ಪಿಗ್ಮಿಯಲ್ಲಿ. ಪಿಗ್ಮಿ ನಮ್ಮ ಕರ್ನಾಟಕದ್ದೇ ಕಲ್ಪನೆ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಈ ಯೋಜನೆ ತಂದಿತು. ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಸಹಕಾರಿ ಸಂಘಗಳಲ್ಲಿ ಇವತ್ತಿಗೂ ಜೋರಾಗಿ ನಡೆಯುತ್ತಿದೆ. ಬಡ್ಡಿ ಕಡಿಮೆ, ನಿಜ. ಅವಧಿಗೆ ಮೊದಲೇ ಮುರಿದರೆ ಇನ್ನೂ ಕಡಿಮೆ. ಆದರೆ ದಿನಗೂಲಿ ಬದುಕಿಗೆ ದಿನದ ಉಳಿತಾಯವೇ ಹೊಂದುತ್ತದೆ, ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕಟ್ಟುತ್ತೇನೆ ಅಂದರೆ ಉಳಿಯುವುದೇ ಇಲ್ಲ. ಒಂದೇ ಮಾತು, ಕಟ್ಟುವ ಸಂಘ ಯಾವುದು, ಅದರ ಲೆಕ್ಕಪತ್ರ ಹೇಗಿದೆ ಅಂತ ವಿಚಾರಿಸಿಯೇ ಕಟ್ಟಿ.

ಎಸ್‌ಐಪಿ ಬಂದದ್ದು ಆಮೇಲೆ. ಅಂದರೆ ಪ್ರತಿ ತಿಂಗಳು ಮ್ಯೂಚುವಲ್ ಫಂಡಿಗೆ ಇಷ್ಟು ಅಂತ ಕಟ್ಟುತ್ತಾ ಹೋಗುವುದು. ಪಿಗ್ಮಿ ಜೋಳಕ್ಕೆ, ಎಸ್‌ಐಪಿ ಕೈಕಾಲು ನಡೆಯದ ಕಾಲಕ್ಕೆ, ಹಾಗಂತ ಅವರೇ ಹಂಚಿಕೊಂಡಿದ್ದಾರೆ. ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಕೊಳ್ಳುವ ಫಂಡ್) ಒಂದರಲ್ಲಿ ತಿಂಗಳಿಗೆ 3,000 ರೂಪಾಯಿಯಿಂದ ಶುರು ಮಾಡಿದರು. ಲೆಕ್ಕ ಹೀಗಿದೆ: ವರ್ಷಕ್ಕೆ 10%ರಂತೆ ಬೆಳೆಯುತ್ತದೆ ಅಂತ ಇಟ್ಟುಕೊಂಡರೆ, 20 ವರ್ಷಕ್ಕೆ ಕಟ್ಟಿದ 7.2 ಲಕ್ಷ ಹತ್ತಿರ ಹತ್ತಿರ 23 ಲಕ್ಷ ಆಗುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಬೆಲೆಗಳು ವರ್ಷಕ್ಕೆ 6% ಏರಿದರೆ ಆ 23 ಲಕ್ಷಕ್ಕೆ ಇವತ್ತಿನ ಲೆಕ್ಕದಲ್ಲಿ ಬರೀ 7 ಲಕ್ಷದ ಬೆಲೆ. ಹಾಗಾಗಿ 3,000ಕ್ಕೇ ಅಂಟಿಕೊಂಡು ಕೂತರೆ ಆಗುವುದಿಲ್ಲ. ಪ್ರತಿ ವರ್ಷ ಕಂತನ್ನು 10% ಏರಿಸುತ್ತಾ ಹೋದರೆ ಅದೇ 20 ವರ್ಷಕ್ಕೆ ಸುಮಾರು 48 ಲಕ್ಷ. ಕೊನೆಯ ವರ್ಷ ತಿಂಗಳಿಗೆ 18,000 ಚಿಲ್ಲರೆ ಕಟ್ಟಬೇಕಾಗುತ್ತದೆ. ಅದು ಎಲ್ಲಿಂದ ಬರುತ್ತದೆ? ವ್ಯಾಪಾರದಿಂದಲೇ ಬರಬೇಕು. ರೊಟ್ಟಿಗೆ ಬೆಲೆ ಏರಿಸಿದ ತಿಂಗಳೇ ಅವರು ಕಂತನ್ನೂ ಏರಿಸುತ್ತಾರೆ. ವ್ಯಾಪಾರ ಮತ್ತು ಹೂಡಿಕೆ ಎರಡನ್ನೂ ಒಟ್ಟಿಗೇ ಇಟ್ಟು ಯೋಚಿಸಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಫಂಡ್ ವರ್ಷಕ್ಕೆ 10% ಬೆಳೆಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. 2020ರ ಜನವರಿಯಲ್ಲಿ 42,000ದ ಹತ್ತಿರ ಇದ್ದ ಷೇರು ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ಕ್ಕೆ ಇಳಿದಿತ್ತು. ಆಗ ಮದುವೆಗಳೂ ಇಲ್ಲ, ಆರ್ಡರೂ ಇಲ್ಲ. ಕಂತು ನಿಲ್ಲಿಸೋಣವೇ ಅಂತ ಚಿಗವ್ವನನ್ನು ಫೋನ್‌ನಲ್ಲಿ ಕೇಳಿದೆ. "ಜ್ವಾಳ ಅಗ್ಗ ಆದಾಗ ಚೀಲ ಜಾಸ್ತಿ ತರತೀವಿ, ಬಿಟ್ಟ ಬರತೀವೇನು?" ಅಂದರು. ಆದರೆ ಹಾಗೆ ಅನ್ನುವ ಧೈರ್ಯ ಬಂದದ್ದು ಮನೆ ಖಾತೆಯಲ್ಲಿ ಆರು ತಿಂಗಳ ಖರ್ಚು ಬೇರೆ ಇದ್ದದ್ದಕ್ಕೆ. ಅದಿಲ್ಲದೆ ಎಸ್‌ಐಪಿ ಶುರು ಮಾಡಿದವರು ಕಷ್ಟ ಬಂದಾಗ, ಅದೂ ಬೆಲೆ ಬಿದ್ದಾಗಲೇ, ಮಾರಬೇಕಾಗುತ್ತದೆ. ಆಸ್ಪತ್ರೆ ಖರ್ಚಿಗೂ ಇದೇ ಮಾತು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ನಮ್ಮ ಕಡೆ ಹುಡುಗರು ಈಗ ಆಪ್ಷನ್ಸ್ ಟ್ರೇಡಿಂಗ್, ಅಂದರೆ ಷೇರು ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವ ವ್ಯವಹಾರದ ಹಿಂದೆ ಬಿದ್ದಿದ್ದಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ ಕೊಟ್ಟ ಲೆಕ್ಕ ಇದೆ: ಮೂರು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ, ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಜಾಸ್ತಿ. ಅಪ್ಪನ ಅಂಗಡಿಯ ಖಾತೆಯಿಂದಲೇ ದುಡ್ಡು ತೆಗೆದು ಇದಕ್ಕೆ ಹಾಕುವವರಿದ್ದಾರೆ. ದಯವಿಟ್ಟು ಬೇಡ.

ಸಾಲದ ಬಗ್ಗೆ ಚಿಗವ್ವ ಬಹಳ ಗಟ್ಟಿ. ಗಿರಣಿಗೆ ದಿನಾ ಹಿಟ್ಟು ಹೊರುವುದು ತಪ್ಪಲಿ ಅಂತ ಸಣ್ಣದೊಂದು ಹಿಟ್ಟಿನ ಮಷೀನ್ ತಂದರು, ಪಿಎಂಎಫ್‌ಎಂಇ ಯೋಜನೆಯಲ್ಲಿ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಸಬ್ಸಿಡಿ ಖರ್ಚಿನ 35%, ಗರಿಷ್ಠ 10 ಲಕ್ಷ. ಆದರೆ ಅದು ಕೈಗೆ ಬರುವ ದುಡ್ಡಲ್ಲ, ಮೂರು ವರ್ಷ ಸಾಲ ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಸಬ್ಸಿಡಿ ಸಿಗುತ್ತದೆ ಅಂತ ಬೇಡದ ಮಷೀನ್ ತಂದು ಮೂಲೆಗೆ ಇಟ್ಟವರನ್ನು ಕಂಡಿದ್ದೇನೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಆಧಾರ್, ಪ್ಯಾನ್ ಇಟ್ಟುಕೊಂಡು ಫೋನಿನಲ್ಲೇ ಆಗುತ್ತದೆ.

ಹೋದ ವರ್ಷ ಮಗಳ ಬಾಣಂತನಕ್ಕೆ ಚಿಗವ್ವ ಪುಣೆಗೆ ಹೋಗಿ ಎರಡು ತಿಂಗಳು ಅಲ್ಲೇ ಇದ್ದರು. ಇಲ್ಲಿ ಆ ಇಬ್ಬರೇ ಸೇರಿ ವ್ಯಾಪಾರ ನಡೆಸಿದರು, ನೋಟ್‌ಬುಕ್‌ನಲ್ಲಿ ಮೂರನೇ ಸಾಲು ಖಾಲಿ ಇತ್ತು, ಆದರೂ ಒಂದಿಷ್ಟು ಲಾಭ ಉಳಿದಿತ್ತು. ಬಂದವರೇ ಆ ಎರಡು ತಿಂಗಳ ಲಾಭದಲ್ಲಿ ಅವರಿಬ್ಬರಿಗೂ ಪಾಲು ಕೊಟ್ಟರು. ಈಗ ಅವರ ಹೆಸರಲ್ಲೂ ತಿಂಗಳಿಗೆ 500 ರೂಪಾಯಿಯ ಎಸ್‌ಐಪಿ ಮಾಡಿಸು ಅಂತ ನನ್ನ ಬೆನ್ನು ಹತ್ತಿದ್ದಾರೆ. ಒಬ್ಬರದು ಕೆವೈಸಿ ಮುಗಿಯಿತು. ಇನ್ನೊಬ್ಬರಿಗೆ ಪ್ಯಾನ್ ಕಾರ್ಡೇ ಇರಲಿಲ್ಲ, ಅರ್ಜಿ ಹಾಕಿದ್ದೇವೆ, ಬಂದ ಕೂಡಲೇ ಅವರದೂ ಶುರು.