ವಸಂತದ ಚೀಸ್ ಹಲಗೆಗೆ ತಿಂಗಳುಗಳ ಲೆಕ್ಕ

ಚೀಸ್‌ಗೂ ಋತುಮಾನವಿದೆ ಎಂಬುದು ಫ್ರಾನ್ಸಿನಲ್ಲಿ ಎಲ್ಲರೂ ಒಪ್ಪುವ ಮಾತು. ಆದರೆ ಏಪ್ರಿಲ್‌ನಲ್ಲಿ ಯಾವ ಚೀಸ್ ಕೊಳ್ಳಬೇಕು ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಅರ್ಧ ಮಾತ್ರ ಸರಿ. ವಸಂತ ಬಂತು, ಹುಲ್ಲು ಚಿಗುರಿತು, ಆದ್ದರಿಂದ ಈಗಿನ ಚೀಸೆಲ್ಲ ಚೆನ್ನಾಗಿರುತ್ತದೆ ಎಂಬ ತರ್ಕ ಎರಡು ವಾರದಲ್ಲಿ ಮಾಗುವ ಚೀಸ್‌ಗೆ ಹೊಂದಬಹುದು, ಒಂದು ವರ್ಷ ನೆಲಮಾಳಿಗೆಯಲ್ಲಿ ಕುಳಿತು ಬರುವ ಚೀಸ್‌ಗೆ ಹೊಂದುವುದಿಲ್ಲ. ಲ್ವಾರ್ ನದಿಯ ದಂಡೆಯ ತೂರ್ ನಗರದಲ್ಲಿ ನೆಲೆಸಿರುವ ನಾನು, ಈಸ್ಟರ್ ಹೊತ್ತಿಗೆ ಮನೆಗೆ ಬರುವವರಿಗಾಗಿ ಚೀಸ್ ಹಲಗೆ ಸಿದ್ಧಪಡಿಸುವಾಗ ಅನುಸರಿಸುವುದು ಒಂದೇ ಲೆಕ್ಕವನ್ನು: ಚೀಸಿನ ವಯಸ್ಸನ್ನು ಇಂದಿನ ತಿಂಗಳಿನಿಂದ ಹಿಂದಕ್ಕೆ ಎಣಿಸಿ, ಅದರ ಹಾಲು ಯಾವ ತಿಂಗಳಿನದು ಎಂದು ನೋಡುವುದು.

ಈ ಲೆಕ್ಕದಲ್ಲಿ ವಸಂತಕ್ಕೆ ನೇರವಾಗಿ ಸಲ್ಲುವುದು ಮೇಕೆ ಹಾಲಿನ ಚೀಸ್. ಯುರೋಪಿನ ಮೇಕೆಗಳು ಹಗಲು ಕಿರಿದಾಗತೊಡಗಿದ ಶರತ್ಕಾಲದಲ್ಲಿ ಗಬ್ಬವಾಗುತ್ತವೆ, ಸುಮಾರು 150 ದಿನ ಹೊತ್ತು ಫೆಬ್ರುವರಿ, ಮಾರ್ಚ್ ಸುಮಾರಿಗೆ ಮರಿ ಹಾಕುತ್ತವೆ. ಮರಿ ಹಾಕುವ ಮೊದಲಿನ ಸುಮಾರು ಎರಡು ತಿಂಗಳು ಅವುಗಳ ಹಾಲು ಬತ್ತಿರುತ್ತದೆ. ಹಾಗಾಗಿ ಹಳೆಯ ಪದ್ಧತಿಯ ಹಟ್ಟಿಗಳಲ್ಲಿ ಚಳಿಗಾಲದ ನಡುವೆ ಚೀಸೇ ಇರುವುದಿಲ್ಲ, ಮಾರ್ಚ್ ಬಂತೆಂದರೆ ಒಮ್ಮೆಲೇ ಕೊಡಗಟ್ಟಲೆ ಹಾಲು. ಕರ್ನಾಟಕದಲ್ಲಿ ಬೆಳೆದವರಿಗೆ ಇದು ಸ್ವಲ್ಪ ವಿಚಿತ್ರವೆನಿಸುತ್ತದೆ, ಏಕೆಂದರೆ ಹಗಲಿನ ಉದ್ದ ಅಷ್ಟಾಗಿ ಏರಿಳಿಯದ ನಮ್ಮ ನಾಡಿನಲ್ಲಿ ಮೇಕೆಗಳು ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕುತ್ತವೆ. ಚೈತ್ರ ವೈಶಾಖಗಳೆಂದರೆ ಹೆಚ್ಚಿನ ಕಡೆ ಮೇವು ಒಣಗಿ ಮಳೆಗೆ ಕಾಯುವ ತಿಂಗಳುಗಳು, ಹಾಲು ಹೆಚ್ಚುವ ತಿಂಗಳುಗಳಲ್ಲ. ಫ್ರಾನ್ಸಿನಲ್ಲಿಯೂ ಈಗ ಕೊಟ್ಟಿಗೆಯಲ್ಲಿ ದೀಪ ಉರಿಸಿ ಹಗಲನ್ನು ಕೃತಕವಾಗಿ ಹಿಗ್ಗಿಸಿ ಕುಗ್ಗಿಸಿ, ಮಂದೆಯ ಒಂದು ಭಾಗ ಬೇರೆ ಕಾಲದಲ್ಲಿ ಮರಿ ಹಾಕುವಂತೆ ಮಾಡುವ ಕ್ರಮ ಬಂದಿದೆ. ಆದ್ದರಿಂದ ಜನವರಿಯಲ್ಲೂ ಮೇಕೆ ಚೀಸ್ ಸಿಗುತ್ತದೆ. ಅದು ಕೆಟ್ಟದ್ದೆಂದು ಹೇಳುವಂತಿಲ್ಲ, ಆದರೆ ಹಬ್ಬದ ಹಲಗೆಗೆ ಕೊಳ್ಳುವಾಗ ಮಾರುವವರನ್ನು ‘ಈ ಮಂದೆ ಯಾವಾಗ ಮರಿ ಹಾಕಿತು’ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಸಂತೆಯಲ್ಲಿ ತಮ್ಮದೇ ಚೀಸ್ ಮಾರುವ ರೈತರು ಈ ಪ್ರಶ್ನೆಗೆ ಖುಷಿಯಿಂದ, ಕೆಲವೊಮ್ಮೆ ಸರದಿಯಲ್ಲಿ ನಿಂತ ಹಿಂದಿನವರಿಗೆ ಬೇಸರವಾಗುವಷ್ಟು ವಿಸ್ತಾರವಾಗಿ, ಉತ್ತರಿಸುತ್ತಾರೆ.

ಲ್ವಾರ್ ಕಣಿವೆ ಮೇಕೆ ಚೀಸಿನ ತವರು. ಕ್ರಿ.ಶ. 732ರ ಯುದ್ಧದ ನಂತರ ಹಿಮ್ಮೆಟ್ಟಿದ ಅರಬ್ ಸೇನೆ ಇಲ್ಲಿ ಮೇಕೆಗಳನ್ನು ಬಿಟ್ಟುಹೋಯಿತೆಂಬ ಐತಿಹ್ಯವನ್ನು ಇಲ್ಲಿನವರು ಪ್ರೀತಿಯಿಂದ ಹೇಳುತ್ತಾರೆ, ಚರಿತ್ರೆಕಾರರು ಅಷ್ಟು ಪ್ರೀತಿಯಿಂದ ಕೇಳುವುದಿಲ್ಲ. ತೂರ್‌ನ ದಕ್ಷಿಣಕ್ಕಿರುವ ಒಂದು ಚಿಕ್ಕ ಪಟ್ಟಣದ ಹೆಸರು ಹೊತ್ತ ಸಾಂತ್ ಮೋರ್ ದ ತುರೇನ್ ನನ್ನ ಹಲಗೆಯ ಮೊದಲ ಆಯ್ಕೆ. ಇದು ಗೇಣುದ್ದಕ್ಕೂ ಕಡಿಮೆಯ, ಒಂದು ತುದಿಗೆ ತುಸು ಸಪೂರವಾದ ದಿಂಡು; ತೂಕ ಸುಮಾರು 250 ಗ್ರಾಂ. ಹಸಿ ಹಾಲಿಗೆ ಕೆಲವೇ ಹನಿ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಹಾಕಿ, ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕಿಟ್ಟಂತೆ ಸುಮಾರು ಒಂದು ದಿನ ಅಲುಗಾಡಿಸದೆ ಬಿಡುತ್ತಾರೆ. ಹುಳಿಯೇ ಹಾಲನ್ನು ಹೆಪ್ಪುಗಟ್ಟಿಸುತ್ತದೆ, ರೆನೆಟ್ ಅದಕ್ಕೆ ಕೈಜೋಡಿಸುತ್ತದೆ ಅಷ್ಟೆ. ಆ ಗಟ್ಟಿಯನ್ನು ಉದ್ದನೆಯ ಅಚ್ಚುಗಳಿಗೆ ತುಂಬಿ, ನೀರು ಸೋರಿದ ಮೇಲೆ ರೈ ಪೈರಿನ ಒಂದು ಒಣ ಕಡ್ಡಿಯನ್ನು ನಡುವೆ ತೂರಿಸಿ, ಉಪ್ಪು ಬೆರೆಸಿದ ಇದ್ದಿಲ ಪುಡಿಯನ್ನು ಮೈಗೆ ಸವರುತ್ತಾರೆ. ಈ ಪುಡಿ ಮೇಲ್ಮೈಯ ಹುಳಿಯನ್ನು ತಗ್ಗಿಸಿ ಒಳ್ಳೆಯ ಬೂಷ್ಟು ಹಿಡಿಯಲು ಹದ ಮಾಡಿಕೊಡುತ್ತದೆ. ಕಡ್ಡಿಯ ಕೆಲಸ ಎಳೆಯ ದಿಂಡು ಮುರಿಯದಂತೆ ಹಿಡಿದಿಡುವುದು. ಈಗ ಅದರ ಮೇಲೆ ಚೀಸಿನ ಹೆಸರು ಮತ್ತು ತಯಾರಕರ ಗುರುತನ್ನು ಲೇಸರ್‌ನಿಂದ ಕೊರೆದಿರುತ್ತಾರೆ. ‘ದ ತುರೇನ್’ ಎಂಬ ಬಾಲವಿಲ್ಲದೆ ಬರೀ ‘ಸಾಂತ್ ಮೋರ್’ ಎಂದು ಮಾರುವ ಕಾರ್ಖಾನೆಯ ದಿಂಡುಗಳಿಗೆ ಈ ನಿಯಮಗಳಾವುವೂ ಅನ್ವಯವಾಗುವುದಿಲ್ಲ. ಅಂಗಡಿಯಲ್ಲಿ ಓದಬೇಕಾದ್ದು ಆ ಎರಡು ಪದಗಳನ್ನೇ.

ಕನಿಷ್ಠ 10 ದಿನ ಮಾಗಬೇಕೆಂಬುದು ಇದರ ಕಟ್ಟುಪಾಡು. ಹತ್ತು ದಿನದ ದಿಂಡು ಇನ್ನೂ ತೇವ ತೇವವಾಗಿ, ಹುಳಿಯೇ ಮುಂದಾಗಿ ಇರುತ್ತದೆ. ನನಗೆ ಇಷ್ಟವಾಗುವುದು ಮೂರನೆಯ ವಾರದ ದಿಂಡು. ಆಗ ಇದ್ದಿಲ ಕಪ್ಪು ಬೂದು ನೀಲಿಗೆ ತಿರುಗಿರುತ್ತದೆ, ಸಿಪ್ಪೆ ಒಣದ್ರಾಕ್ಷಿಯ ಹಾಗಲ್ಲದೆ ನೀರಿನಲ್ಲಿ ನೆನೆದ ಬೆರಳ ತುದಿಯ ಹಾಗೆ ಸಣ್ಣಗೆ ಸುಕ್ಕುಗಟ್ಟಿರುತ್ತದೆ. ಕಡ್ಡಿಯನ್ನು ತಿರುವಿ ಮೆಲ್ಲಗೆ ಹೊರಗೆಳೆದು ಕೊಯ್ದರೆ ಸಿಪ್ಪೆಯ ಕೆಳಗೆ ಒಂದು ಎಳೆ ಅಗಲದಷ್ಟು ಭಾಗ ಕರಗಿ ಮಿರುಗುತ್ತಿರುತ್ತದೆ, ಅದರ ಒಳಗೆ ಸುಣ್ಣದಷ್ಟು ಬಿಳಿಯಾದ, ನುಣ್ಣನೆಯ, ತುಸು ಪುಡಿಪುಡಿಯಾದ ತಿರುಳು, ನಟ್ಟನಡುವೆ ಕಡ್ಡಿ ಬಿಟ್ಟ ತೂತು. ಒಂದೇ ಬಿಲ್ಲೆಯಲ್ಲಿ ಹುಳಿ, ಉಪ್ಪು, ಹಸಿ ಬಾದಾಮಿಯಂಥ ರುಚಿ ಒಂದರ ಹಿಂದೆ ಒಂದು ಬರುತ್ತವೆ. ಏಪ್ರಿಲ್ ನಡುವಿನಲ್ಲಿ ಮೂರು ವಾರದ ದಿಂಡು ಕೊಂಡರೆ ಹಾಲು ಮಾರ್ಚ್ ಕೊನೆಯದು: ಲೆಕ್ಕ ಸರಿಹೋಯಿತು.

ಇದೇ ಸೀಮೆಯ ಚಪ್ಪಟೆ ಬಿಲ್ಲೆಯ ಸೆಲ್ ಸುರ್ ಶೇರ್, ಎತ್ತರದ ಗೋಪುರದ ಪುಲಿನ್ಯಿ ಸಾಂ ಪಿಯೇರ್, ತುದಿ ಕತ್ತರಿಸಿದ ಪಿರಮಿಡ್ಡಿನ ವಲಾಂಸೇ, ಇವೆಲ್ಲ ಹತ್ತಿರದ ಬಂಧುಗಳು. ಈಜಿಪ್ಟ್ ದಂಡಯಾತ್ರೆಯಿಂದ ಸೋತು ಬಂದ ನೆಪೋಲಿಯನ್ ಪಿರಮಿಡ್ಡಿನಾಕಾರ ಕಂಡು ಸಿಟ್ಟಿಗೆದ್ದು ಕತ್ತಿಯಿಂದ ವಲಾಂಸೇಯ ತುದಿ ಹಾರಿಸಿದನೆಂಬ ಕಥೆಯನ್ನು ಅತಿಥಿಗಳು ಕೇಳಿಯೇ ಕೇಳುತ್ತಾರಾದ್ದರಿಂದ ನೆನಪಿಟ್ಟುಕೊಳ್ಳುವುದು ಒಳ್ಳೆಯದು, ನಂಬುವುದು ಬೇಡ. ಒಂದು ಹಲಗೆಗೆ ಇವುಗಳಲ್ಲಿ ಎರಡು ಸಾಕು, ಅದೂ ವಯಸ್ಸಿನಲ್ಲಿ ಅಂತರವಿರುವಂಥವು. ಮೂರು ವಾರದ ಸಾಂತ್ ಮೋರ್ ಪಕ್ಕದಲ್ಲಿ ಸಾಂಸೇರ್ ದ್ರಾಕ್ಷಿತೋಟಗಳ ಮಧ್ಯದ ಶಾವಿನ್ಯೋಲ್ ಹಳ್ಳಿಯ ಕ್ರೊತ್ತಾಂ ಎಂಬ ಪುಟ್ಟ ಗುಂಡನ್ನು, ಗಟ್ಟಿಯಾಗಿ ಒಣಗತೊಡಗಿದ್ದನ್ನೇ ಆರಿಸಿ ಇಟ್ಟರೆ ಒಂದೇ ಜಾತಿಯ ಹಾಲು ಎರಡು ದಾರಿ ಹಿಡಿದದ್ದು ನಾಲಗೆಗೆ ತಿಳಿಯುತ್ತದೆ.

ಇನ್ನು ಹಸುವಿನ ಹಾಲಿನ ಗಟ್ಟಿ ಚೀಸ್. ಇಲ್ಲಿಯೇ ಹಿಂದಕ್ಕೆ ಎಣಿಸುವ ಕ್ರಮ ನಿಜವಾಗಿ ಉಪಯೋಗಕ್ಕೆ ಬರುವುದು. ಜುರಾ ಬೆಟ್ಟಗಳ ಕೊಂತೆ ಸುಮಾರು 400 ಲೀಟರ್ ಹಾಲಿನಿಂದ ಆಗುವ, ಸುಮಾರು 40 ಕಿಲೋ ತೂಗುವ ಗಾಲಿ. ಕನಿಷ್ಠ ನಾಲ್ಕು ತಿಂಗಳು ಮಾಗಬೇಕು. ಚಳಿಗಾಲದಲ್ಲಿ ಹಸುಗಳು ಕೊಟ್ಟಿಗೆಯಲ್ಲಿ ಒಣಹುಲ್ಲು ತಿನ್ನುತ್ತವೆ, ಹುಳಿಸಿದ ಮೇವನ್ನು ಹಾಕುವುದು ನಿಷಿದ್ಧ. ಬೆಚ್ಚಗಿನ ತಿಂಗಳುಗಳಲ್ಲಿ ಹುಲ್ಲುಗಾವಲಿಗೆ ಹೋಗುತ್ತವೆ. ಹಸಿ ಹುಲ್ಲಿನ ಕ್ಯಾರೊಟಿನ್ ಹಸುವಿನ ಹಾಲಿನ ಕೊಬ್ಬಿಗೆ ಇಳಿಯುವುದರಿಂದ ಹುಲ್ಲುಗಾವಲಿನ ಕಾಲದ ಕೊಂತೆ ಹೊಂಬಣ್ಣಕ್ಕೆ ತಿರುಗಿರುತ್ತದೆ, ಒಣಹುಲ್ಲಿನ ಕಾಲದ್ದು ದಂತದ ಬಣ್ಣದ್ದು. ಎಮ್ಮೆ ಬೆಣ್ಣೆ ಬಿಳಿ, ಹಸುವಿನ ಬೆಣ್ಣೆ ಹಳದಿ ಎಂಬುದನ್ನು ನೋಡಿಯೇ ಬೆಳೆದ ನಮಗೆ ಇದರ ಕಾರಣ ವಿವರಿಸಬೇಕಾಗಿಲ್ಲ: ಎಮ್ಮೆಯೂ ಮೇಕೆಯೂ ಕ್ಯಾರೊಟಿನ್ನನ್ನು ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತವೆ, ಹಸು ಅದರಲ್ಲೊಂದು ಪಾಲನ್ನು ಹಾಗೆಯೇ ಹಾಲಿಗೆ ಬಿಡುತ್ತದೆ.

ಏಪ್ರಿಲ್‌ನಲ್ಲಿ 10 ತಿಂಗಳ ಕೊಂತೆ ಕೊಂಡರೆ ಹಾಲು ಹಿಂದಿನ ವರ್ಷದ ಜೂನ್‌ನದು, ಹುಲ್ಲುಗಾವಲು ಹೂವಿನಿಂದ ತುಂಬಿರುವ ಸಮಯದ್ದು. ಅದೇ ಏಪ್ರಿಲ್‌ನಲ್ಲಿ ಹೆಚ್ಚು ಹಣ ತೆತ್ತು 16 ತಿಂಗಳದ್ದನ್ನು ತಂದರೆ ಹಾಲು ಅದಕ್ಕೂ ಹಿಂದಿನ ಡಿಸೆಂಬರ್‌ನದು. ವಯಸ್ಸು ಹೆಚ್ಚಿದಷ್ಟೂ ಚೀಸ್ ಮೇಲು ಎಂಬ ನಂಬಿಕೆ ಅಂಗಡಿಯವರಿಗೆ ಲಾಭದ್ದು. ಒಣಹುಲ್ಲಿನ ಹಾಲಿನ ಹಳೆಯ ಕೊಂತೆಗೂ ಅದರದೇ ಆದ ಸುಟ್ಟ ಬೆಣ್ಣೆಯ ಘನವಾದ ರುಚಿಯಿದೆ, ಅದನ್ನು ಬೇಕೆಂದೇ ಹುಡುಕುವವರೂ ಇದ್ದಾರೆ. ಆದರೆ ವಸಂತದ ಹಲಗೆಗೆ, ಮೇಕೆ ಚೀಸಿನ ಹುಳಿಯ ಪಕ್ಕಕ್ಕೆ, ಜೂನ್ ಹಾಲಿನ ಹಣ್ಣು ಹೂವಿನ ವಾಸನೆಯೇ ಹಿತ. ಇದೇ ಕಾರಣಕ್ಕೆ ಒವೆರ್ನ್ಯ ಸೀಮೆಯ ಸಲೇರ್ಸ್ ಕೂಡ ನನಗೆ ಮೆಚ್ಚುಗೆ. ಅದನ್ನು ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ, ಹಸುಗಳು ಹುಲ್ಲು ಮೇಯುವಾಗ ಮಾತ್ರ, ಹಟ್ಟಿಯಲ್ಲಿಯೇ, ಮರದ ತೊಟ್ಟಿಯಲ್ಲಿ ಮಾಡಬೇಕೆಂಬ ನಿಯಮವಿದೆ. 2022ರ ಬರಗಾಲದಲ್ಲಿ ಹುಲ್ಲು ಒಣಗಿಹೋದಾಗ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಏಪ್ರಿಲ್‌ನಲ್ಲಿ ಅಂಗಡಿಯಲ್ಲಿರುವ ಸಲೇರ್ಸ್ ಅಂದರೆ ನಿಸ್ಸಂದೇಹವಾಗಿ ಹೋದ ವರ್ಷದ ಅಥವಾ ಅದಕ್ಕೂ ಹಿಂದಿನ ಹುಲ್ಲಿನದು. ಎಣಿಸುವ ಶ್ರಮವೂ ಇಲ್ಲ.

ಕುರಿ ಹಾಲಿನದಕ್ಕೆ ಪಿರನೀಸ್ ಬೆಟ್ಟಗಳ ಒಸ್ಸೋ ಇರಾತಿ ನನ್ನ ಆಯ್ಕೆ. ಬಾಸ್ಕ್ ಸೀಮೆಯ ಕುರಿಗಳು ಚಳಿಗಾಲದ ಆರಂಭದಿಂದ ಬೇಸಿಗೆಯವರೆಗೆ ಹಾಲು ಕೊಡುತ್ತವೆ, ಆಮೇಲೆ ಬಿಡುವು. ಹಾಗಾಗಿ ಏಪ್ರಿಲ್‌ನಲ್ಲಿ ನಾಲ್ಕು ತಿಂಗಳ ಎಳೆಯದು ಕೊಂಡರೆ ಡಿಸೆಂಬರ್ ಹಾಲು ಬರುತ್ತದೆ, 11 ತಿಂಗಳದ್ದು ಕೊಂಡರೆ ಮೇ ಹಾಲು. ಅದಕ್ಕೆ ಜೊತೆಯಾಗಿ ಅದೇ ಸೀಮೆಯ ಇತ್ಸಸ್ಸು ಎಂಬ ಹಳ್ಳಿಯ ಕಪ್ಪು ಚೆರ್ರಿ ಜ್ಯಾಮ್ ಒಂದು ಚಮಚ.

ಮೆತ್ತನೆಯ ಹಸುವಿನ ಚೀಸ್ ಬಗ್ಗೆ ಏಪ್ರಿಲ್‌ನಲ್ಲಿ ತಾಳ್ಮೆ ಬೇಕು. ಮೂರು ವಾರ ಮಾಗುವ ಕಮಾಂಬೇರ್‌ಗೆ ಹೊಸ ಹುಲ್ಲಿನ ಗುಣ ಬರುವುದು ಮೇ ತಿಂಗಳಿನಲ್ಲಿ, ಅದಕ್ಕಿಂತ ಹೆಚ್ಚು ಕಾಲ ಮಾಗುವ ಬ್ರೀಗೆ ಇನ್ನೂ ತಡವಾಗಿ. ಸ್ಪ್ರೂಸ್ ಮರದ ತೊಗಟೆಯ ಪಟ್ಟಿ ಸುತ್ತಿದ ಮೋಂ ದೋರ್ ಮಾರಾಟಕ್ಕೆ ಮೇ 10ರವರೆಗೆ ಅವಕಾಶವಿದ್ದರೂ ತಯಾರಿಕೆ ಮಾರ್ಚ್ 15ಕ್ಕೇ ನಿಲ್ಲುತ್ತದೆ. ಅದು ಚಳಿಗಾಲದ ತಿನಿಸು, ಅದನ್ನು ಹೋಗಲು ಬಿಡಬೇಕು. ನೀಲಿ ಚೀಸನ್ನು ವಸಂತದ ಹಲಗೆಯಲ್ಲಿ ನಾನು ಇಡುವುದೇ ಇಲ್ಲ. ರೋಕ್ಫೋರ್‌ನ ಒಂದು ತುಣುಕು ಎಳೆಯ ಮೇಕೆ ಚೀಸಿನ ನವಿರನ್ನೆಲ್ಲ ಅಳಿಸಿಬಿಡುತ್ತದೆ. ಇದನ್ನು ಒಪ್ಪದ ಫ್ರೆಂಚ್ ಸ್ನೇಹಿತರೊಡನೆ ವಾದ ಇಂದಿಗೂ ಮುಗಿದಿಲ್ಲ.

ಸಸ್ಯಾಹಾರಿಗಳಿರುವ ಮನೆಯಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ಊರಿನಿಂದ ಬಂದಿದ್ದ ಅತ್ತಿಗೆ ಹಲಗೆಯ ಮುಂದೆ ಕುಳಿತು, “ಇದಕ್ಕೆ ಹೆಪ್ಪಾಗಿ ಏನು ಹಾಕಿದ್ದಾರೆ, ಮೊದಲು ಅದನ್ನು ಹೇಳು” ಎಂದು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೊಂತೆ, ಸಲೇರ್ಸ್ ಮೊದಲಾದ ಸಾಂಪ್ರದಾಯಿಕ ಚೀಸ್‌ಗಳ ರೆನೆಟ್ ಕರುವಿನ ಜಠರದಿಂದ ತೆಗೆದದ್ದು. ಮೇಕೆ ಚೀಸ್‌ಗಳಲ್ಲಿ ಪ್ರಮಾಣ ಕಡಿಮೆಯಾದರೂ ಸಾಮಾನ್ಯವಾಗಿ ಅದೇ. ಕೆಲವು ರೈತರು ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಬಳಸುತ್ತಾರೆ, ಕೇಳಿದರೆ ಹೇಳುತ್ತಾರೆ. ಇದಕ್ಕಿಂತ ಸೊಗಸಾದ ದಾರಿ ಪೋರ್ಚುಗಲ್ಲಿನ ಸೆರ್ರ ದ ಎಸ್ತ್ರೆಲಾ: ಕುರಿಯ ಹಸಿ ಹಾಲು, ಉಪ್ಪು, ಹೆಪ್ಪಿಗೆ ಕಾರ್ಡೂನ್ ಎಂಬ ಮುಳ್ಳುಗಿಡದ ಒಣ ಹೂವಿನ ಎಸಳು, ಇಷ್ಟೇ. ಚಳಿಗಾಲದ ಹಾಲಿನಿಂದ ಮಾಡಿ ಒಂದು ತಿಂಗಳಿಗೂ ಹೆಚ್ಚು ಮಾಗಿಸುವ ಇದು ವಸಂತದ ಆರಂಭಕ್ಕೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕೊಯ್ದು ತೆಗೆದು ಒಳಗಿನ ಲೋಳೆಯಂಥ ತಿರುಳನ್ನು ಚಮಚದಲ್ಲಿ ತೋಡಿ ಬ್ರೆಡ್ಡಿಗೆ ಹಚ್ಚಬೇಕು. ತುಸು ಕಹಿಯಿದೆ, ಆ ಕಹಿ ಹೂವಿನದು. ಅತ್ತಿಗೆ ಎರಡನೆಯ ಬಾರಿಯೂ ಹಾಕಿಸಿಕೊಂಡರು. ಗರ್ಭಿಣಿಯರು ಮಾತ್ರ ಹಸಿ ಹಾಲಿನ ಮೆತ್ತನೆಯ ಚೀಸ್‌ಗಳನ್ನು ಬಿಡಬೇಕೆಂದು ಇಲ್ಲಿನ ವೈದ್ಯರು ಕಟ್ಟುನಿಟ್ಟಾಗಿ ಹೇಳುತ್ತಾರೆ. ಲಿಸ್ಟೀರಿಯಾ ಸೋಂಕಿನ ಭಯ. ಅವರಿಗೆ ಗಟ್ಟಿ ಕೊಂತೆಯನ್ನು ಸಿಪ್ಪೆ ತೆಗೆದು ಕೊಡಬಹುದು.

ಜೊತೆಗಿಡುವ ವಸ್ತುಗಳಿಗೂ ಋತುವಿನ ಲೆಕ್ಕ ಸಲ್ಲುತ್ತದೆ. ವಾಲ್‌ನಟ್ ಶರತ್ಕಾಲದ್ದು, ಏಪ್ರಿಲ್ ಹೊತ್ತಿಗೆ ಅದರ ಎಣ್ಣೆ ಕಮಟಲು ಶುರುವಾಗಿರುತ್ತದೆ. ಅದರ ಬದಲಿಗೆ ಎಲೆಯ ಸಮೇತ ಎಳೆಯ ಕೆಂಪು ಮೂಲಂಗಿ, ಬೇಯಿಸಿ ಆರಿಸಿದ ಆಸ್ಪರಾಗಸ್, ಸುಲಿದ ಹಸಿ ಬಟಾಣಿ. ರೋಮ್‌ನಲ್ಲಿ ಮೇ 1ರಂದು ಹಸಿ ಫಾವಾ ಕಾಳು ಸುಲಿಯುತ್ತ ಪೆಕೊರಿನೊ ಎಂಬ ಕುರಿ ಹಾಲಿನ ಚೀಸ್ ತಿನ್ನುವ ರೂಢಿಯಿದೆ. ಅದನ್ನು ಒಸ್ಸೋ ಇರಾತಿಯೊಂದಿಗೆ ಮಾಡಿ ನೋಡಬಹುದು, ಚೆನ್ನಾಗಿರುತ್ತದೆ. ಸಾಂಸೇರ್ ಅಥವಾ ವೂವ್ರೇ ಬಿಳಿ ವೈನ್ ಇಲ್ಲಿನ ಕ್ರಮ. ಕುಡಿಯದವರಿಗೆ ಸಿಹಿ ಬೆರೆಸದ ಸೇಬಿನ ರಸ ಅದಕ್ಕೇನೂ ಕಡಿಮೆಯಿಲ್ಲ.

ಊಟದ ಕೊನೆಯಲ್ಲಿ ಬಡಿಸುವುದಾದರೆ ತಲೆಗೆ 60ರಿಂದ 80 ಗ್ರಾಂ ಸಾಕು, ಅದೇ ಊಟವಾದರೆ ಇದರ ಎರಡರಷ್ಟು. ಗಟ್ಟಿ ಚೀಸನ್ನು ಒಂದು ಗಂಟೆ ಮೊದಲು, ಎಳೆಯ ಮೇಕೆ ಚೀಸನ್ನು ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ಹೊರಗಿಡಬೇಕು. ಬೆಣೆಯಾಕಾರದ ತುಂಡಿನ ಮೊನೆಯನ್ನು ಅಡ್ಡಲಾಗಿ ಕತ್ತರಿಸಿಕೊಳ್ಳುವುದು ಇಲ್ಲಿ ಅಸಭ್ಯ, ಏಕೆಂದರೆ ಹೆಚ್ಚು ರುಚಿಯಿರುವ ನಡುಭಾಗ ಒಬ್ಬರ ಪಾಲಾಗಿ ಉಳಿದವರಿಗೆ ಸಿಪ್ಪೆಯೇ ಗತಿಯಾಗುತ್ತದೆ, ಉದ್ದಕ್ಕೆ ಕೊಯ್ದುಕೊಳ್ಳಬೇಕು. ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ ಅಂಗಡಿಯ ಮೇಣದ ಕಾಗದದಲ್ಲೇ ಮತ್ತೆ ಸುತ್ತಿ ಫ್ರಿಜ್‌ನ ತರಕಾರಿ ಪೆಟ್ಟಿಗೆಯಲ್ಲಿಡಿ. ತಿನ್ನದೆ ಉಳಿದು ಕಲ್ಲಿನಂತಾದ ಕ್ರೊತ್ತಾಂ ಇದ್ದರೆ ಎಸೆಯಬೇಡಿ, ತುರಿದು ಬಿಸಿ ಆಲೂಗಡ್ಡೆಯ ಮೇಲೆ ಉದುರಿಸಿ.