ನಿಂತಲ್ಲೇ ಸವೆಯುವ ಎಂಜಿನ್‌ಗಳು

ಖಾಸಗಿ ಸೈಡಿಂಗಿನಲ್ಲಿ (ಮುಖ್ಯ ಮಾರ್ಗದಿಂದ ಕವಲೊಡೆದ ಹಳಿಯಲ್ಲಿ) ವ್ಯಾಗನ್ ಎಳೆಸುವ ಗುತ್ತಿಗೆ ಹಿಡಿದಿರುವ ಧಾರವಾಡದ ಗೆಳೆಯರೊಬ್ಬರು ಕಳೆದ ತಿಂಗಳು ಪುಣೆಗೆ ಬಂದಿದ್ದರು. ಊರಾಚೆಯ ಯಾರ್ಡೊಂದರಲ್ಲಿ ಮಾರಾಟಕ್ಕೆ ನಿಲ್ಲಿಸಿದ್ದ ಎರಡು ಹಳೆಯ ಡೀಸೆಲ್ ಲೋಕೋಗಳನ್ನು ನೋಡಲು ಜೊತೆಗೆ ಬರಬೇಕೆಂದು ಕೇಳಿದರು. ಇಲ್ಲಿನ ಘೋರ್ಪಡಿಯ ಡೀಸೆಲ್ ಶೆಡ್ಡಿನ ಸದ್ದು ಕೇಳುತ್ತ ಇಪ್ಪತ್ತು ವರ್ಷ ಕಳೆದವನು, ಡೀಸೆಲ್ ಯಂತ್ರಗಳ ದುರಸ್ತಿಯಲ್ಲೇ ಅನ್ನ ಕಂಡವನು ಎಂಬುದಷ್ಟೇ ನನ್ನ ಅರ್ಹತೆ.

ಎರಡೂ ಡಬ್ಲ್ಯೂಡಿಎಂ-2 ವಂಶದವು. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ ಈ ಮಾದರಿಗೆ 16 ಸಿಲಿಂಡರ್, 2600 ಅಶ್ವಶಕ್ತಿ, ಸುಮಾರು 113 ಟನ್ ತೂಕ. ವಿದ್ಯುತ್ ತಂತಿ ಬಂದ ಮಾರ್ಗಗಳಲ್ಲಿ ಇವುಗಳಿಗೆ ಕೆಲಸ ಉಳಿಯುವುದಿಲ್ಲ. 2022ರಲ್ಲಿ ಕೊಂಕಣ ರೈಲ್ವೆಯ ಮಾರ್ಗವೂ ಪೂರ್ತಿ ವಿದ್ಯುದೀಕರಣಗೊಂಡಿತು. ಹೊರದೇಶಕ್ಕೆ ಮಾರೋಣವೆಂದರೆ ನಮ್ಮ ಹಳಿಯ ಅಗಲ 1676 ಮಿಲಿಮೀಟರ್. ಆಫ್ರಿಕಾದ ಹಲವು ದೇಶಗಳಲ್ಲಿರುವ 1067 ಮಿಲಿಮೀಟರ್ ಹಳಿಗೆ ಹೊಂದಿಸಬೇಕಾದರೆ ಚಕ್ರಗಳನ್ನು ಹತ್ತಿರ ತಂದರೆ ಸಾಲದು, ಅವುಗಳ ನಡುವೆ ಕೂತು ಅವುಗಳನ್ನು ತಿರುಗಿಸುವ ಟ್ರಾಕ್ಷನ್ ಮೋಟಾರಿಗೂ ಜಾಗ ಹುಡುಕಬೇಕು. 2020ರಲ್ಲಿ ಬಾಂಗ್ಲಾದೇಶಕ್ಕೆ 10 ಬ್ರಾಡ್‌ಗೇಜ್ ಲೋಕೋ ಕೊಡುವುದು ಸಲೀಸಾದದ್ದು ಅಲ್ಲಿಯೂ ಇದೇ ಅಗಲದ ಹಳಿ ಇರುವುದರಿಂದ.

ಮೊದಲನೆಯದಕ್ಕೆ ಹೊಸ ಬಣ್ಣ ಬಳಿದಿದ್ದರು. ನನಗೆ ಆಗಲೇ ಅನುಮಾನ ಬಂತು. ಓಡುವ ಎಂಜಿನ್ ಸವೆಯುವುದು ನಿಜ, ಆದರೆ ಅದರ ಸವೆತಕ್ಕೊಂದು ಲೆಕ್ಕವಿರುತ್ತದೆ. ಮಳೆಗಾಲದಲ್ಲಿ ತೆರೆದ ಆಕಾಶದಡಿ ನಿಂತ ಎಂಜಿನ್ನಿಗೆ ಆ ಲೆಕ್ಕವೂ ಇಲ್ಲ. ಹೊಗೆಕೊಳವೆಯಿಂದ ಇಳಿದ ನೀರು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಚಾರ್ಜರ್ ದಾಟಿ, ತೆರೆದ ವಾಲ್ವ್ ಸಿಕ್ಕ ಸಿಲಿಂಡರಿಗೆ ಸೇರಿಬಿಡಬಹುದು. ಅದನ್ನು ಅರಿಯದೆ ಕ್ರ್ಯಾಂಕ್ ಮಾಡಿದರೆ, ಅಂದರೆ ಚಾಲೂ ಮಾಡಲು ತಿರುಗಿಸಿದರೆ, ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಸತ್ತಿದ್ದರೆ ಕ್ರ್ಯಾಂಕ್ ಮಾಡುವ ಪ್ರಶ್ನೆಯೇ ಇಲ್ಲ, ಏಕೆಂದರೆ ಇದರಲ್ಲಿ ಮುಖ್ಯ ಜನರೇಟರನ್ನೇ ಬ್ಯಾಟರಿಯ ಬಲದಿಂದ ಮೋಟಾರಿನಂತೆ ತಿರುಗಿಸಿ ಎಂಜಿನ್ ಎಬ್ಬಿಸಬೇಕು. ಆದ್ದರಿಂದ ಎಂಜಿನ್ ಎಣ್ಣೆ ನಿಲ್ಲುವ ತೊಟ್ಟಿಯಾದ ಸಂಪಿನ ತಳದ ಕಾಕ್ ಸಡಿಲಿಸಿದೆ. ಬಂದದ್ದು ಕಪ್ಪು ಎಣ್ಣೆಯಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣದ ನೊರೆ.

"ಇದು ಹೊರಗಿಂದ ಬಂದ ನೀರೋ, ಒಳಗ ಸೋರಿದ್ದೋ?" ಎಂದು ಗೆಳೆಯರು ಕೇಳಿದರು.

"ಯಾವುದಾದ್ರೂ ಬೇರಿಂಗಿಗೆ ಒಂದೇ ರೀ," ಎಂದೆ.

ಎರಡನೆಯದರ ಮೈಯೆಲ್ಲ ತುಕ್ಕು, ಕ್ಯಾಬಿನ ಒಂದು ಗಾಜಿಲ್ಲ, ಚಾಲಕನ ಸೀಟಿನಲ್ಲಿ ಪಾರಿವಾಳದ ಗೂಡು. ಆದರೆ ಹೊಗೆಕೊಳವೆಯ ಬಾಯಿಗೆ ಯಾರೋ ಎಣ್ಣೆ ಡಬ್ಬಿಯ ತಗಡನ್ನು ಬಗ್ಗಿಸಿ ತಂತಿಯಿಂದ ಬಿಗಿದಿದ್ದರು. ರೇಡಿಯೇಟರಿನ ನೀರನ್ನು ಪೂರ್ತಿ ಬಸಿದಿದ್ದರು. ಎಂಜಿನ್ನನ್ನು ಕೈಯಿಂದ ತಿರುಗಿಸುವ ಬಾರಿಂಗ್ ಕಂಬಿ ಹಾಕಿ ನಾಲ್ವರು ತೂಗಿದಾಗ ಮೊದಲು ಮಿಸುಕದೆ ನಿಂತ ಕ್ರ್ಯಾಂಕ್‌ಶಾಫ್ಟ್ ಆಮೇಲೆ ಮೆಲ್ಲಗೆ ತಿರುಗಿತು. ಆರು ಟ್ರಾಕ್ಷನ್ ಮೋಟಾರುಗಳಿಗೂ ಮೆಗ್ಗರ್ (ತಂತಿಯ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚಿದೆವು. ಒಂದರಲ್ಲಿ ಮಾತ್ರ ತೇವ ಹಿಡಿದ ಸೂಚನೆ ಕಂಡಿತು, ಅದನ್ನು ಬಿಚ್ಚಿ ಒಣಗಿಸಬಹುದು.

ಮಾರುವವರು ಬಣ್ಣ ಬಳಿದ ಲೋಕೋಕ್ಕೆ ಹೆಚ್ಚು ದರ ಹೇಳುತ್ತಿದ್ದಾರೆ. ಗೆಳೆಯರು ತುಕ್ಕಿನದಕ್ಕೆ ಗುಜರಿ ತೂಕದ ಬೆಲೆಯಿಂದಲೇ ಮಾತು ಆರಂಭಿಸಿದ್ದಾರೆ. ತಗಡು ಕಟ್ಟಿದವನು ಯಾರೆಂದು ಯಾರ್ಡಿನ ಕಾವಲುಗಾರನನ್ನು ವಿಚಾರಿಸಿದೆ. ಹಳೆಯ ಫಿಟ್ಟರ್ ಒಬ್ಬ ನಿವೃತ್ತಿಯ ಮುನ್ನಾದಿನ ಕಟ್ಟಿ ಹೋದನಂತೆ.